ಡಬ್ಲ್ಯುಆರ್‌ಎಕ್ಸ್‌ಗೆ ಯಾವ ಸ್ವೇ ಬಾರ್? ಮೂರು ಜೋಡಣೆ ಹಾಕಿ ಓಡಿಸಿ ನೋಡಿದ್ದು

ಸುಬಾರು ಡಬ್ಲ್ಯುಆರ್‌ಎಕ್ಸ್ ಇಟ್ಟುಕೊಂಡವರು ಎಂಜಿನ್ ಸಾಲದು ಅನ್ನುವುದು ಅಪರೂಪ. 2015ರಿಂದ 2021ರವರೆಗಿನ ಮಾದರಿಯಲ್ಲಿ 2 ಲೀಟರ್ ಟರ್ಬೊ, 268 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಡ್ರೈವ್. ಬೇಸರ ಇರುವುದು ತಿರುವಿನಲ್ಲಿ. ಸ್ವಲ್ಪ ಜೋರಾಗಿ ತಿರುವಿಗೆ ನುಗ್ಗಿದರೆ ಮುಂದಿನ ಚಕ್ರಗಳು ಹೊರಕ್ಕೆ ಜಾರುತ್ತವೆ, ಬಾಡಿ ಒಂದು ಕಡೆ ವಾಲುತ್ತದೆ. ಕಾರಣ ಸರಳ. ಎಂಜಿನ್ ಮುಂದಿನ ಆಕ್ಸಲ್‌ಗಿಂತಲೂ ಮುಂದೆ ಕೂತಿದೆ. ಭಾರದ ಶೇ. 60ರಷ್ಟು ಮುಂದೆಯೇ ಇದೆ.

ನನ್ನದು 2016ರ ಗಾಡಿ, ಆರು ಗೇರಿನ ಮ್ಯಾನುಯಲ್. ಇರುವುದು ಅಮೆರಿಕದ ಮಿಶಿಗನ್‌ನಲ್ಲಿ. ಕೆಲಸವೆಲ್ಲ ಮನೆಯ ಗ್ಯಾರೇಜಿನಲ್ಲೇ ಮಾಡುತ್ತೇನೆ. ಈ ಬೇಸರ ಕಳೆಯಲು ಗಾಡಿಗೆ ಸ್ವೇ ಬಾರ್‌ನ ಮೂರು ಬಗೆಯ ಜೋಡಣೆ ಹಾಕಿ ಓಡಿಸಿದ್ದೇನೆ: ಕಂಪನಿಯ ಬಾರ್‌ಗೆ ಹೊಸ ಲಿಂಕ್ (ಬಾರ್‌ನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕಡ್ಡಿ) ಮತ್ತು ಬುಶ್ (ಬಾರ್ ಸುತ್ತ ಹಿಡಿಯುವ ಮೆತ್ತೆ), ಹಿಂದೆ ಮಾತ್ರ ದಪ್ಪ ಬಾರ್, ಮುಂದೆ ಹಿಂದೆ ಎರಡೂ ದಪ್ಪ ಬಾರ್. ಈಗ ಗಾಡಿಯಲ್ಲಿರುವುದು ಎರಡನೆಯದು. ಅದು ಅಲ್ಲೇ ಇರುತ್ತದೆ.

ಸ್ವೇ ಬಾರ್ ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು. ಊರಿನ ಗ್ಯಾರೇಜುಗಳಲ್ಲಿ ಇದನ್ನೇ ಸ್ಟೆಬಿಲೈಸರ್ ಬಾರ್ ಅನ್ನುತ್ತಾರೆ. ಒಂದು ಚಕ್ರ ಮೇಲೆದ್ದು ಇನ್ನೊಂದು ಕೆಳಗಿಳಿದರೆ ಸರಳು ತಿರುಚಿಕೊಳ್ಳುತ್ತದೆ, ಆ ತಿರುಚನ್ನು ತಡೆಯುತ್ತಾ ವಾಲುವುದನ್ನು ಕಡಿಮೆ ಮಾಡುತ್ತದೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದಕ್ಕೆ ಕೆಲಸವೇ ಇಲ್ಲ. ಹಾಗಾಗಿ ರಸ್ತೆಯ ಅಡ್ಡಕ್ಕೆ ಹಾಕಿದ ಹಂಪ್ ಮೇಲೆ ದಪ್ಪ ಬಾರ್ ಇದ್ದರೂ ಇಲ್ಲದಿದ್ದರೂ ಒಂದೇ. ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ.

ದಪ್ಪದ ಲೆಕ್ಕ ಗೊತ್ತಿರಬೇಕು. ಗಟ್ಟಿ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಈ ಗಾಡಿಯ ಕಂಪನಿ ಬಾರ್ ಮುಂದೆ 24 ಮಿ.ಮೀ., ಹಿಂದೆ 20 ಮಿ.ಮೀ. ಹಿಂದಿನದನ್ನು 22 ಮಿ.ಮೀ. ಮಾಡಿದರೆ ಬಿಗಿ ಸುಮಾರು ಶೇ. 46 ಏರುತ್ತದೆ. 24 ಮಾಡಿದರೆ ಎರಡು ಪಟ್ಟಿಗೂ ಜಾಸ್ತಿ. ನೋಡುವುದಕ್ಕೆ ಎರಡು ಮಿ.ಮೀ. ಏನು ಮಹಾ ಅನಿಸುತ್ತದೆ, ಅಲ್ವಾ? ಟೊಳ್ಳು ಬಾರ್‌ಗಳಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಒಳಗಿನ ತೂತಿನ ವ್ಯಾಸದ ನಾಲ್ಕನೇ ಘಾತವನ್ನು ಕಳೆಯಬೇಕು. ಅದಕ್ಕೇ ಎರಡು ಕಂಪನಿಯ ಬಾರ್‌ಗಳನ್ನು ಬರೀ ದಪ್ಪ ನೋಡಿ ಹೋಲಿಸಬೇಡಿ.

ಮೊದಲನೆಯದು, ಕಂಪನಿ ಬಾರ್‌ನ್ನೇ ಇಟ್ಟುಕೊಂಡು ಎಂಡ್ ಲಿಂಕ್ ಮತ್ತು ಬುಶ್ ಬದಲಿಸುವುದು. ಇದನ್ನು ಯಾರೂ ಅಪ್‌ಗ್ರೇಡ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಳೆ ಗಾಡಿಯಲ್ಲಿ ಮೊದಲು ಮಾಡಬೇಕಾದ್ದು ಇದೇ. ಲಿಂಕ್‌ನ ಬಾಲ್ ಜಾಯಿಂಟ್ ಸವೆದರೆ ಅಥವಾ ಬುಶ್ ಸಡಿಲವಾದರೆ ಬಾರ್ ಕೆಲಸ ಶುರು ಮಾಡುವ ಮೊದಲೇ ಗಾಡಿ ಸ್ವಲ್ಪ ವಾಲಿರುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಲಿಂಕ್‌ಗಳು ಬೇಗ ಹೋಗುತ್ತವೆ. ಹೊಸದು ಹಾಕಿದ ಮೇಲೆ ಸಣ್ಣ ಗುಂಡಿಗಳ ಮೇಲಿನ ಕಟಕಟ ಸದ್ದು ನಿಂತಿತು. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಗಾಡಿ ಸ್ಪಂದಿಸುವುದೂ ಚುರುಕಾಯಿತು. ತಿರುವಿನ ನಡುವೆ ಮೂಗು ಹೊರಗೆಳೆಯುವುದು ಮಾತ್ರ ಹಾಗೇ ಇತ್ತು. ಅದು ಬುಶ್ ಕೆಲಸ ಅಲ್ಲ.

ಎರಡನೆಯದು, ಹಿಂದೆ ಮಾತ್ರ 22 ಮಿ.ಮೀ. ಬಾರ್. ವೈಟ್‌ಲೈನ್, ಪೆರಿನ್, ಕಾಬ್ ಈ ಗಾಡಿಗೆ ಹಿಂದಿನ ಬಾರ್ ಮಾರುತ್ತಾರೆ. 200ರಿಂದ 300 ಡಾಲರ್ ಒಳಗೆ ಸಿಗುತ್ತದೆ. ನಾನು ಹಾಕಿದ್ದರ ತೋಳಿನಲ್ಲಿ ಲಿಂಕ್ ಹಾಕಲು ಮೂರು ತೂತುಗಳಿವೆ. ತುದಿಯ ತೂತಿಗೆ ಹಾಕಿದರೆ ತೋಳು ಉದ್ದ, ಬಾರ್ ಮೆದು. ಒಳಗಿನ ತೂತಿಗೆ ಹಾಕಿದರೆ ತೋಳು ಗಿಡ್ಡ, ಬಾರ್ ಬಿಗಿ.

ಹಿಂದೆ ಬಿಗಿ ಮಾಡಿದರೆ ಮುಂದಿನ ಜಾರಾಟ ಹೇಗೆ ಕಡಿಮೆಯಾಗುತ್ತದೆ? ತಿರುವಿನಲ್ಲಿ ಒಳ ಚಕ್ರದಿಂದ ಹೊರ ಚಕ್ರಕ್ಕೆ ಭಾರ ಸರಿಯುತ್ತದೆ. ಯಾವ ಕಡೆ ಬಾರ್ ಬಿಗಿಯೋ ಆ ಕಡೆ ಈ ಸರಿತ ಜಾಸ್ತಿ, ಹಿಡಿತ ಕಡಿಮೆ. ಹಿಂದಿನ ಜೋಡಿ ಹೆಚ್ಚು ಹೊತ್ತರೆ ಮುಂದಿನ ಜೋಡಿಗೆ ಆರಾಮ ಸಿಗುತ್ತದೆ. ಮೂಗು ತಿರುವಿನ ಒಳಕ್ಕೆ ಬರುತ್ತದೆ.

ಆನ್ ಆರ್ಬರ್‌ನಿಂದ ಡೆಕ್ಸ್‌ಟರ್ ಕಡೆಗೆ ಹೋಗುವ ಹ್ಯೂರಾನ್ ರಿವರ್ ಡ್ರೈವ್ ಎಂಬ ರಸ್ತೆ ಇದೆ. ನದಿ ಪಕ್ಕದಲ್ಲೇ ಬಳುಕುತ್ತಾ ಸಾಗುತ್ತದೆ, ಡಾಂಬರು ಅಲ್ಲಲ್ಲಿ ಎದ್ದಿದೆ. ಸೈಕಲ್ಲಿನವರು ಜಾಸ್ತಿ, ಹಾಗಾಗಿ ಇಲ್ಲಿ ವೇಗದ ಮಾತೇ ಬೇಡ. ನಿಯಮದ ವೇಗದಲ್ಲೇ ವ್ಯತ್ಯಾಸ ಗೊತ್ತಾಯಿತು. ನಡು ತೂತಿನಲ್ಲಿ ಗಾಡಿ ಸ್ಟಿಯರಿಂಗ್ ಹೇಳಿದ ಕಡೆಗೇ ಹೋಗುತ್ತದೆ, ತಿರುವಿನ ಮಧ್ಯೆ ಮತ್ತೆ ಮತ್ತೆ ತಿದ್ದಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಒಂದು ಪಕ್ಕದ ಗುಂಡಿ ಸ್ವಲ್ಪ ಹೆಚ್ಚು ತಟ್ಟುತ್ತದೆ, ಅಷ್ಟೇ. ಬಿಗಿ ತೂತಿಗೆ ಹಾಕಿದಾಗ ನನಗೆ ಹಿಡಿಸಲಿಲ್ಲ. ಈ ಮಾದರಿಯ ಹಿಂದಿನ ಡಿಫರೆನ್ಶಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್) ಓಪನ್, ಅಂದರೆ ಒಂದೇ ಚಕ್ರ ಸುತ್ತಿದರೂ ಅದು ತಡೆಯುವುದಿಲ್ಲ. ಬಾರ್ ತೀರಾ ಬಿಗಿಯಾದರೆ ಒಳಗಿನ ಹಿಂದಿನ ಚಕ್ರ ಹಗುರಾಗಿ, ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಅದು ಸುಮ್ನೆ ಸುತ್ತುತ್ತದೆ. ಬಲವೆಲ್ಲ ಅಲ್ಲೇ ಪೋಲು.

ಮೂರನೆಯದು, ಮುಂದೆ 26, ಹಿಂದೆ 22. ಇದರಲ್ಲಿ ಗಾಡಿ ವಾಲುವುದೇ ಕಾಣುವುದಿಲ್ಲ. ಲೇನ್ ಬದಲಿಸಿದರೆ ಟಕ್ ಎಂದು ಹೋಗುತ್ತದೆ. ನುಣುಪಾದ, ಅಗಲದ ಜಾಗದಲ್ಲಿ ಇದೇ ಮೂರರಲ್ಲಿ ಉತ್ತಮ, ಇದನ್ನು ಒಪ್ಪಲೇಬೇಕು. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಬಾಡಿ ವಾಲಿದಾಗ ಹೊರಗಿನ ಟೈರ್ ನೆಲದ ಮೇಲೆ ಸಪಾಟಾಗಿ ಕೂರುವುದಿಲ್ಲ, ಅಂಚಿನ ಮೇಲೆ ನಿಲ್ಲುತ್ತದೆ. ದಪ್ಪ ಬಾರ್ ವಾಲಾಟ ತಡೆದರೆ ಟೈರ್ ನೆಟ್ಟಗೆ ನಿಲ್ಲುತ್ತದೆ. ಮುಂದಿನ ಬಾರ್ ಹಿಡಿತ ಕೆಡಿಸುತ್ತದೆ ಎಂಬ ಮಾತು ಪೂರ್ತಿ ನಿಜ ಅಲ್ಲ ಅನ್ನುವುದು ಇದಕ್ಕೇ.

ಆದರೆ ದಿನವೂ ಓಡಾಡುವ ರಸ್ತೆ ನುಣುಪಾಗಿಲ್ಲ. ಮಾರ್ಚ್ ಹೊತ್ತಿಗೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಇಲ್ಲಿನ ಡಾಂಬರು ಒಡೆದಿರುತ್ತದೆ. ಎಡ ಚಕ್ರ ಗುಂಡಿಗೆ ಬಿದ್ದರೆ ಇಡೀ ಗಾಡಿ ತಲೆ ಆಡಿಸುತ್ತದೆ. ಒದ್ದೆ ರಸ್ತೆಯಲ್ಲಿ ಮೂಗಿನ ಜಾರಾಟ ಸ್ವಲ್ಪ ವಾಪಸ್ ಬಂದಂತೆ ನನಗೆ ಅನಿಸಿತು. ಲೆಕ್ಕ ನೋಡಿದರೆ ಅದೂ ಸರಿಯೇ. 24ರಿಂದ 26ಕ್ಕೆ ಹೋದರೆ ಮುಂದೆ ಶೇ. 38ರಷ್ಟು ಬಿಗಿ ಏರುತ್ತದೆ, ಹಿಂದೆ ಏರಿದ್ದು ಶೇ. 46. ಮುಂದೆ ಹಿಂದಿನ ಸಮತೋಲ ಮೊದಲಿದ್ದ ಜಾಗಕ್ಕೇ ಹತ್ತಿರ ಬಂತು. ದುಡ್ಡೂ ಹೆಚ್ಚುಕಮ್ಮಿ ಎರಡು ಪಟ್ಟು. ಆಟೋಕ್ರಾಸ್ (ಕೋನ್‌ಗಳ ನಡುವೆ ಸಮಯಕ್ಕೆ ಓಡಿಸುವ ಸ್ಪರ್ಧೆ) ಆಸೆ ಇದ್ದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಆದ ಎಸ್‌ಸಿಸಿಎಯ ಸ್ಟ್ರೀಟ್ ವರ್ಗಗಳಲ್ಲಿ ಮುಂದಿನದು ಅಥವಾ ಹಿಂದಿನದು, ಒಂದು ಬಾರ್ ಮಾತ್ರ ಬದಲಿಸಬಹುದು. ಎರಡನ್ನೂ ಬದಲಿಸಿದರೆ ಮೇಲಿನ ವರ್ಗಕ್ಕೆ ಹೋಗಿ, ಹೆಚ್ಚು ಬದಲಾವಣೆ ಮಾಡಿದ ಗಾಡಿಗಳ ಜೊತೆ ಸ್ಪರ್ಧಿಸಬೇಕು.

ಮನೆಯಲ್ಲಿ ಮಾಡುವ ಕೆಲಸದ ದೃಷ್ಟಿಯಿಂದಲೂ ಹಿಂದಿನ ಬಾರ್ ಸುಲಭ. ಎರಡು ಲಿಂಕ್, ಎರಡು ಬ್ರಾಕೆಟ್, ಒಂದು ಮಧ್ಯಾಹ್ನದ ಕೆಲಸ. ಮುಂದೆ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಬೇಕು, ಜಾಗ ಇಕ್ಕಟ್ಟು. ಎರಡಕ್ಕೂ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಲಿಂಕ್‌ನ ನಟ್ ತಿರುಗಿಸಿದರೆ ಒಳಗಿನ ಬಾಲ್ ಕೂಡ ಜೊತೆಗೇ ತಿರುಗುತ್ತದೆ. ಆಲನ್ ಕೀಯಿಂದ ಅದನ್ನು ಹಿಡಿದುಕೊಂಡು ಹೊರಗೆ ಸ್ಪ್ಯಾನರ್ ತಿರುಗಿಸಬೇಕು. ತುಕ್ಕು ತಿಂದ ತಲೆ ಸವೆದುಹೋದರೆ ಲಿಂಕ್ ಕತ್ತರಿಸುವುದೇ ದಾರಿ, ಆದ್ದರಿಂದ ಹೊಸ ಲಿಂಕ್ ಮೊದಲೇ ತಂದಿಟ್ಟುಕೊಳ್ಳಿ.

ಬಾರ್ ಬಿಚ್ಚುವಾಗ ಎಡ ಬಲ ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರಬೇಕು. ಒಂದನ್ನು ಮಾತ್ರ ಜ್ಯಾಕ್‌ನಲ್ಲಿ ಎತ್ತಿದರೆ ಬಾರ್ ತಿರುಚಿಕೊಂಡಿರುತ್ತದೆ, ಬೋಲ್ಟ್ ಬಿಚ್ಚಿದ ಕೂಡಲೇ ತೋಳು ಹಾರಿ ಕೈಗೆ ಬಡಿಯಬಹುದು. ಗಾಡಿಯ ಕೆಳಗೆ ಹೋಗುವುದಾದರೆ ಸಮತಟ್ಟಾದ ನೆಲದಲ್ಲಿ ಜ್ಯಾಕ್ ಸ್ಟ್ಯಾಂಡ್ ಇಟ್ಟೇ ಹೋಗಿ. ಬರೀ ಜ್ಯಾಕ್ ನಂಬಿ ಯಾರೂ ಒಳಗೆ ಹೋಗಬಾರದು. ಕೊನೆಗೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಸ್ವಲ್ಪ ದಿನ ಓಡಿಸಿದ ಮೇಲೆ ಬ್ರಾಕೆಟ್ ಬೋಲ್ಟುಗಳನ್ನೂ ಇನ್ನೊಮ್ಮೆ ನೋಡಿ.

ಪಾಲಿಯುರೆಥೇನ್ ಬುಶ್‌ಗಳಿಗೆ ಗ್ರೀಸ್ ಬೇಕು. ಒಣಗಿದರೆ ಚಳಿಯಲ್ಲಿ ಕಿರ್ ಕಿರ್ ಶುರು. ಬಾರ್ ಜೊತೆ ಬರುವ ಅಂಟಂಟು ಗ್ರೀಸನ್ನೇ ಬಳಸಿ. ಬ್ರಾಕೆಟ್‌ನಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಇನ್ನೂ ಒಳ್ಳೆಯದು, ಗ್ರೀಸ್ ಗನ್ ಹಿಡಿದು ಒತ್ತಿದರೆ ಆಯಿತು. ಹಿಮ ಶುರುವಾಗುವ ಮೊದಲು ನಾನು ಲಿಂಕನ್ನು ಮೆದು ತೂತಿಗೆ ಬದಲಿಸುತ್ತೇನೆ, ಏಪ್ರಿಲ್‌ನಲ್ಲಿ ಮತ್ತೆ ನಡು ತೂತಿಗೆ. ಹಿಮದ ಮೇಲೆ ಹಿಂಭಾಗ ಬಿಗಿಯಾಗಿದ್ದರೆ ಬಾಲ ಬೇಗ ಜಾರುತ್ತದೆ.

ಹೇಗೂ ಗಾಡಿ ಎತ್ತಿದ್ದೀರಿ ಅಂದಮೇಲೆ ಆಯಿಲ್ ಕೂಡ ಬದಲಿಸಿ. 5.1 ಲೀಟರ್ 5ಡಬ್ಲ್ಯು-30 ಸಿಂಥೆಟಿಕ್ ಬೇಕು. ಫಿಲ್ಟರ್ ಎಂಜಿನ್ ಮೇಲ್ಭಾಗದಲ್ಲೇ ಇದೆ, ತೆಗೆಯುವುದು ಸಲೀಸು. ಡ್ರೈನ್ ಪ್ಲಗ್‌ಗೆ ಪ್ರತಿಸಲ ಹೊಸ ವಾಷರ್ ಹಾಕಿ. ಟೈರ್ ಸವೆತವನ್ನೂ ಆಗಲೇ ಅಳೆಯಿರಿ. ನಾಲ್ಕು ಟೈರ್‌ಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಎಂದು ಸುಬಾರು ಹೇಳುತ್ತದೆ. ಮೀರಿದರೆ ಮಧ್ಯದ ಡಿಫರೆನ್ಶಿಯಲ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಒಂದು ಟೈರ್ ಹರಿದರೆ ಒಂದನ್ನಷ್ಟೇ ಹೊಸದು ಹಾಕಿ ಮುಗಿಸುವ ಹಾಗಿಲ್ಲ. ಹಿಂದಿನ ಬಾರ್‌ಗೆ ಖರ್ಚು ಮಾಡುವ ಮೊದಲು ನಿಮ್ಮ ಟೈರ್‌ಗಳು ಈ ಅಳತೆಯಲ್ಲಿವೆಯೇ ನೋಡಿ. ಇಲ್ಲದಿದ್ದರೆ ಆ ದುಡ್ಡು ಮೊದಲು ಟೈರ್‌ಗೆ ಹೋಗಲಿ.