ಮರದ ಲೇತ್‌ಗೆ ಎಂಟು ಪೀಸಿನ ಉಳಿ ಸೆಟ್: ಹತ್ತು ಸಾವಿರದ ಬಜೆಟ್ಟಲ್ಲಿ ತಗೋಬಹುದಾ?

ಮೊದಲೇ ಹೇಳ್ಬಿಡ್ತೀನಿ, ಲೇತ್‌ನಲ್ಲಿ, ಅಂದ್ರೆ ಮರದ ತುಂಡನ್ನ ಗರಗರ ತಿರುಗಿಸೋ ಯಂತ್ರದಲ್ಲಿ, ಮರ ಕಡೆಯೋಕೆ ಬರೋ ಈ ಉಳಿ ಸೆಟ್ ಕೆಟ್ಟದ್ದೇನಲ್ಲ, 5ಕ್ಕೆ 3 ಕೊಡ್ತೀನಿ. ಆದ್ರೆ ನಿಮ್ಮ ಹತ್ರ ಇರೋದೇ ಹತ್ತು ಸಾವಿರ ಆದ್ರೆ, ಸಾಣೆ ಹಿಡಿಯೋಕೆ ಗ್ರೈಂಡರ್ ಇನ್ನೂ ತಗೊಂಡಿಲ್ಲ ಅಂದ್ರೆ, ಈ ಡಬ್ಬಿ ಮೇಲೆ ಮೊದಲು ದುಡ್ಡು ಹಾಕ್ಬೇಡಿ. ಯಾಕೆ ಅಂತ ಕೆಳಗೆ ಉದ್ದಕ್ಕೆ ಬರೆದಿದೀನಿ, ಪುರುಸೊತ್ತಿದ್ರೆ ಓದಿ.

ಕಂಪನಿ ಹೆಸರು ಹಾಕ್ತಿಲ್ಲ, ಹಾಕಿ ಪ್ರಯೋಜನಾನೂ ಇಲ್ಲ, ಯಾಕಂದ್ರೆ ಆನ್‌ಲೈನ್‌ನಲ್ಲಿ ನಾಲ್ಕು ಸಾವಿರದ ಆಸುಪಾಸಲ್ಲಿ ಸಿಗೋ ಈ ಸೆಟ್‌ಗಳು ನೋಡೋಕೆ ಹೆಚ್ಚು ಕಮ್ಮಿ ಒಂದೇ ತರ, ಮರದ ಡಬ್ಬಿ, ಒಳಗೆ ಎಂಟು ಉಳಿ, ಕಂದು ಬಣ್ಣದ ಹಿಡಿ, ಹಿಡಿ ಬಾಯಿಗೆ ಹಿತ್ತಾಳೆ ಬಣ್ಣದ ಬಳೆ, ಮೇಲೊಂದು ಸ್ಟಿಕ್ಕರ್. ನನಗೆ ಬಂದಿದ್ದರಲ್ಲಿ ಮುಕ್ಕಾಲು ಇಂಚಿನ ರಫಿಂಗ್ ಗೌಜ್ ಒಂದು (ಗೌಜ್ ಅಂದ್ರೆ ದೋಣಿ ತರ ಬಾಗಿದ ಉಳಿ, ಇದು ಚೌಕದ ತುಂಡನ್ನ ದುಂಡು ಮಾಡೋಕೆ), ಎರಡು ಸ್ಪಿಂಡಲ್ ಗೌಜ್ (ಉದ್ದನೆ ತುಂಡಲ್ಲಿ ಉಬ್ಬು ತಗ್ಗು ತೆಗೆಯೋಕೆ), ಎರಡು ಸ್ಕ್ಯೂ (ಓರೆ ಅಂಚಿನ ಚಪ್ಪಟೆ ಉಳಿ), ಒಂದು ಪಾರ್ಟಿಂಗ್ ಟೂಲ್ (ತುಂಡು ಬೇರೆ ಮಾಡೋಕೆ), ಒಂದು ದುಂಡು ಮೂತಿ ಸ್ಕ್ರೇಪರ್ (ಕೆರೆಯೋ ಉಳಿ), ಆಮೇಲೆ "ಬೌಲ್ ಗೌಜ್" ಅಂತ ಚೀಟಿ ಅಂಟಿಸಿರೋ ಇನ್ನೊಂದು. ಈ ಕೊನೇದರ ಬಗ್ಗೆ ಆಮೇಲೆ ಮಾತಾಡೋಣ, ಅದೇ ದೊಡ್ಡ ತಕರಾರು.

ಮೊದಲು ಸ್ಟೀಲ್ ವಿಷಯ. ಸೆಟ್ ಮೇಲೆ ಎಚ್‌ಎಸ್‌ಎಸ್ ಅಂತ ಇರುತ್ತೆ, ಹೈಸ್ಪೀಡ್ ಸ್ಟೀಲ್. ಇದಕ್ಕಿಂತ ಅಗ್ಗ, ಸಾವಿರ ಸಾವಿರದೈನೂರಕ್ಕೆ ಸಿಗೋವು ಕಾರ್ಬನ್ ಸ್ಟೀಲ್. ಕಾರ್ಬನ್ ಸ್ಟೀಲ್‌ನಲ್ಲೂ ಅಂಚು ಚೆನ್ನಾಗೇ ಬರುತ್ತೆ, ಹಳೇ ಕಾಲದಲ್ಲಿ ಮಂಚದ ಕಾಲು, ಕಡಗೋಲು, ತೊಟ್ಟಿಲು ಎಲ್ಲಾ ಕಡೆದಿದ್ದು ಅದರಲ್ಲೇ ಅಲ್ವಾ. ಸಮಸ್ಯೆ ಬರೋದು ಗ್ರೈಂಡರ್‌ಗೆ ಕೊಟ್ಟಾಗ. ಸ್ವಲ್ಪ ಜೋರಾಗಿ ಒತ್ತಿದ್ರೆ ತುದಿ ನೀಲಿ ಬಣ್ಣಕ್ಕೆ ತಿರುಗುತ್ತೆ, ನೀಲಿ ಆಯ್ತು ಅಂದ್ರೆ ಆ ಜಾಗದ ಗಡಸುತನ ಹೋಯ್ತು ಅಂತ, ಆ ಭಾಗ ಪೂರ್ತಿ ಉಜ್ಜಿ ತೆಗೆದು ಮತ್ತೆ ಅಂಚು ತರ್ಬೇಕು. ಎಚ್‌ಎಸ್‌ಎಸ್ ಹಂಗಲ್ಲ, 500 ಡಿಗ್ರಿ ಹತ್ರ ಬಿಸಿಯಾದ್ರೂ ಗಡಸುತನ ಬಿಡಲ್ಲ. ಹೊಸಬರು ಗ್ರೈಂಡರ್ ಮುಂದೆ ನಿಂತಾಗ ಕೈ ಬಿಗಿಯಾಗೇ ಇರುತ್ತೆ, ಅದಕ್ಕೇ ಎಚ್‌ಎಸ್‌ಎಸ್ ತಗೊಳ್ಳಿ ಅನ್ನೋದು. ಹಾಂ, ಇನ್ನೊಂದು, ಬಿಸಿಯಾದ ಎಚ್‌ಎಸ್‌ಎಸ್‌ನ ತಕ್ಷಣ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದಂಥ ಬಿರುಕು ಬಿಡುತ್ತೆ. ಹಂಗೇ ಇಟ್ಟು ಆರೋಕೆ ಬಿಡಿ.

ಸ್ಟಿಕ್ಕರ್ ಮೇಲೆ ಎಚ್‌ಎಸ್‌ಎಸ್ ಅಂತ ಬರೆದ ಮಾತ್ರಕ್ಕೆ ಅದು ಎಚ್‌ಎಸ್‌ಎಸ್ ಆಗ್ಬಿಡಲ್ಲ. ಪರೀಕ್ಷೆ ಸುಲಭ, ಹಿಡಿ ಕಡೆಯ ಒಂದು ಮೂಲೇನ ಗ್ರೈಂಡರ್‌ಗೆ ಒಂಚೂರು ಮುಟ್ಟಿಸಿ. ಬೆಳ್ಳಗೆ, ಜಾಸ್ತಿ, ಕವಲು ಕವಲಾಗಿ ಸುರುಸುರುಬತ್ತಿ ತರ ಕಿಡಿ ಹಾರಿದ್ರೆ ಕಾರ್ಬನ್ ಸ್ಟೀಲ್. ಮಂಕಾಗಿ, ಕೆಂಪಗೆ, ಕಮ್ಮಿ ಕಿಡಿ ಬಂದ್ರೆ ಎಚ್‌ಎಸ್‌ಎಸ್. ನನ್ನ ಸೆಟ್‌ನ ಎಂಟೂ ಕೆಂಪು ಕಿಡಿನೇ ಕೊಟ್ಟವು, ಆ ಮಟ್ಟಿಗೆ ಮೋಸ ಇಲ್ಲ. ತೇಗದ ತುಂಡಲ್ಲಿ ಹೊಡೆದು ನೋಡಿದೆ, ತೇಗದಲ್ಲಿ ಮರಳಿನ ಅಂಶ ಅಂದ್ರೆ ಸಿಲಿಕಾ ಇರುತ್ತಲ್ಲ, ಉಳಿ ಬೇಗ ಮೊಂಡಾಗೋದು ಅದಕ್ಕೇ, ಅಲ್ಲೂ ಅಂಚು ತಕ್ಕಮಟ್ಟಿಗೆ ನಿಂತ್ಕೊಳ್ತು. ಹುಣಸೆ ಮರದಲ್ಲಿ ಮಾತ್ರ ಪದೇ ಪದೇ ಸಾಣೆಗೆ ಓಡ್ಬೇಕಾಯ್ತು, ಅದು ಉಳಿ ತಪ್ಪಲ್ಲ ಬಿಡಿ, ಹುಣಸೆ ಯಾರಿಗೆ ಬಗ್ಗಿದೆ.

ಈಗ ತಕರಾರು. ಡಬ್ಬಿಯಿಂದ ತೆಗೆದಾಗ ಒಂದಕ್ಕೂ ಅಂಚಿಲ್ಲ. ಅಂಚು ಇದೆ ಅಂತ ಕಾಣುತ್ತೆ, ಹೊಳೀತಾ ಇರುತ್ತೆ, ಆದ್ರೆ ಮರಕ್ಕೆ ಇಟ್ರೆ ಮೊಂಡು ಈಳಿಗೆಮಣೇಲಿ ಟೊಮೆಟೊ ಹೆಚ್ಚಿದ ಹಾಗೆ, ಕುಯ್ಯೋದಿಲ್ಲ, ಜಜ್ಜುತ್ತೆ. ಸುರುಳಿ ಸುರುಳಿಯಾಗಿ ಸಿಪ್ಪೆ ಬರೋ ಬದಲು ಪುಡಿ ಉದುರುತ್ತೆ. ಕೋನಗಳೂ ವಿಚಿತ್ರ, ಒಂದು ಸ್ಕ್ಯೂ ಅಂತೂ ಎರಡು ಪಕ್ಕ ಎರಡು ಕೋನದಲ್ಲಿ ಸವೆಸಿ ಕಳ್ಸಿದ್ರು. ದುಬಾರಿ ಉಳಿಗಳಿಗೂ ಮನೇಲಿ ಒಂದ್ಸಲ ಸಾಣೆ ಹಿಡಿದೇ ಶುರು ಮಾಡ್ಬೇಕು ಅಂತಾರೆ, ಒಪ್ಪೋಣ, ಆದ್ರೆ ಇಲ್ಲಿ ಸಾಣೆ ಹಿಡಿಯೋದಲ್ಲ, ಆಕಾರಾನೇ ಹೊಸದಾಗಿ ಕೊಡ್ಬೇಕು. ರಿವ್ಯೂಗಳಲ್ಲಿ ಜನ ಒಂದು ಸ್ಟಾರ್ ಕೊಟ್ಟು "ಕೆಲ್ಸಕ್ಕೆ ಬಾರದ ಮಾಲು" ಅಂತ ಬೈದಿರೋದು ಇದಕ್ಕೇ ಅನ್ಸುತ್ತೆ, ಅವರ ಹತ್ರ ಗ್ರೈಂಡರ್ ಇರಲ್ಲ, ಬಂದ ಹಾಗೇ ಮರಕ್ಕೆ ಇಟ್ಟಿರ್ತಾರೆ.

ಅದಕ್ಕೇ ನಾನು ಹೇಳೋದು ಮೊದಲ ದುಡ್ಡು ಗ್ರೈಂಡರ್‌ಗೆ ಅಂತ. ಆರು ಇಂಚಿನ ಮಾಮೂಲಿ ಬೆಂಚ್ ಗ್ರೈಂಡರ್ ಸಾಕು, ಎರಡೂವರೆ ಮೂರು ಸಾವಿರಕ್ಕೆ ಹಾರ್ಡ್‌ವೇರ್ ಅಂಗಡೀಲೇ ಸಿಗುತ್ತೆ, ಬೆಂಗಳೂರಲ್ಲಿದ್ರೆ ಎಸ್‌ಜೆಪಿ ರೋಡಲ್ಲಿ ಒಂದು ರೌಂಡ್ ಹಾಕಿ, ನಾಲ್ಕು ಅಂಗಡಿ ಕೇಳಿದ್ರೆ ಬೆಲೆ ತಾನೇ ಇಳಿಯುತ್ತೆ. ಜೊತೆಗೆ ಬರೋ ಬೂದು ಬಣ್ಣದ ಕಲ್ಲು ಎಚ್‌ಎಸ್‌ಎಸ್‌ಗೆ ಅಷ್ಟು ಒಗ್ಗಲ್ಲ, ಬೇಗ ಬಿಸಿ ಮಾಡುತ್ತೆ. ಒಂದು ಕಡೆಗಾದ್ರೂ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, 80 ಗ್ರಿಟ್‌ದು (ಗ್ರಿಟ್ ಅಂದ್ರೆ ಕಲ್ಲಿನ ತರಿಯ ಅಳತೆ), ಹಾಕಿಸ್ಕೊಳ್ಳಿ. ತಗೊಳ್ಳುವಾಗ ನಡುವಿನ ತೂತಿನ ಅಳತೆ ನಿಮ್ಮ ಗ್ರೈಂಡರ್ ಶಾಫ್ಟ್‌ಗೆ ಹೊಂದುತ್ತಾ, ತೂತು ದೊಡ್ಡದಾದ್ರೆ ಒಳಗೆ ಹಾಕೋ ಬುಷ್ ಕೊಡ್ತಾರಾ ನೋಡಿ. ಆಮೇಲೆ ಕಲ್ಲನ್ನ ಬೆರಳಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಟಣ್ ಅಂತ ಶಬ್ದ ಬಂದ್ರೆ ಸರಿ, ಡಬ್ ಅಂದ್ರೆ ಒಳಗೆ ಬಿರುಕಿದೆ, ವಾಪಸ್ ಕೊಡಿ. ಇದನ್ನ ಅಂಗಡೀಲೇ ಮಾಡಿ, ಅಂಗಡಿಯವರು ನಕ್ಕರೆ ನಗಲಿ, ನಿಮಿಷಕ್ಕೆ 2800 ಸುತ್ತು ತಿರುಗೋ ಕಲ್ಲು ಒಡೆದ್ರೆ ಅವರ ಮುಖಕ್ಕೆ ಬಡಿಯಲ್ಲ, ನಮ್ಮ ಮುಖಕ್ಕೆ.

ಸಾಣೆ ಹಿಡಿಯೋಕೆ ಜಿಗ್ (ಉಳೀನ ಒಂದೇ ಕೋನದಲ್ಲಿ ಹಿಡಿಯೋ ಸಾಧನ) ಬೇಕು ಅಂತ ವಿಡಿಯೋದಲ್ಲಿ ಎಲ್ಲರೂ ಹೇಳ್ತಾರೆ, ಆ ಜಿಗ್ ತರಿಸಿದ್ರೆ ಉಳಿ ಸೆಟ್‌ಗಿಂತ ಜಾಸ್ತಿ ಆಗುತ್ತೆ. ನಾನು ಹನ್ನೆರಡು ಎಂಎಂ ಪ್ಲೈವುಡ್ ತುಂಡಲ್ಲಿ ಓರೆ ಮಾಡಬಹುದಾದ ಒಂದು ಹಲಗೆ ಮಾಡಿ ಕಲ್ಲಿನ ಮುಂದೆ ಕೂರಿಸಿದೀನಿ, ಕೋನಕ್ಕೆ ರಟ್ಟಿನ ಅಚ್ಚು ಕತ್ತರಿಸಿ ಇಟ್ಕೊಂಡಿದೀನಿ, ರಫಿಂಗ್ ಗೌಜ್‌ಗೆ 45 ಡಿಗ್ರಿ, ಸ್ಪಿಂಡಲ್ ಗೌಜ್‌ಗೆ 35 ರಿಂದ 40, ಸ್ಕ್ರೇಪರ್‌ಗೆ 70 ರಿಂದ 80. ಸ್ಕ್ಯೂನ ಎರಡೂ ಪಕ್ಕ ಸೇರಿಸಿ 30ರ ಹತ್ರ. ಬೆವೆಲ್ (ತುದೀಲಿ ಓರೆಯಾಗಿ ಸವೆಸಿದ ಮುಖ) ಮೇಲೆ ಮಾರ್ಕರ್ ಪೆನ್ನಲ್ಲಿ ಬಳಿದು ಒಂದ್ಸಲ ಮುಟ್ಟಿಸಿದ್ರೆ ಕಲ್ಲು ಎಲ್ಲಿ ತಗಲ್ತಿದೆ ಅಂತ ಗೊತ್ತಾಗುತ್ತೆ, ಅದಕ್ಕಿಂತ ದೊಡ್ಡ ತಂತ್ರ ಏನೂ ಬೇಡ. ಕಲ್ಲಿನ ಮುಖ ಸಮ ಮಾಡೋಕೆ ಡೈಮಂಡ್ ಡ್ರೆಸ್ಸರ್ ಒಂದಿರ್ಲಿ, ಕೆಲವು ನೂರು ರೂಪಾಯಿ ಅಷ್ಟೇ.

ಇಷ್ಟೆಲ್ಲಾ ಆದ್ಮೇಲೆ ಸೆಟ್‌ನ ರಫಿಂಗ್ ಗೌಜ್ ಕೆಲಸ ನೋಡಿ ಖುಷಿ ಆಯ್ತು, ಸಿಲ್ವರ್ ಓಕ್ ಚೌಕದ ತುಂಡನ್ನ ಆರಾಮಾಗಿ ದುಂಡು ಮಾಡುತ್ತೆ. ಸಿಲ್ವರ್ ಓಕ್ ಕಲಿಯೋರಿಗೆ ಒಳ್ಳೇ ಮರ, ಮಲೆನಾಡು ಕಡೆ ಕಾಫಿ ತೋಟ ಇರೋರು ಯಾರಾದ್ರೂ ಪರಿಚಯ ಇದ್ರೆ ತುಂಡು ಪುಕ್ಕಟೆ ಸಿಗುತ್ತೆ. ಸ್ಪಿಂಡಲ್ ಗೌಜ್ ಎರಡರಲ್ಲಿ ಅಗಲದ್ದು ಚೆನ್ನಾಗಿದೆ, ಸಣ್ಣದು ಸ್ವಲ್ಪ ನಡುಗುತ್ತೆ. ಪಾರ್ಟಿಂಗ್ ಟೂಲ್ ಓಕೆ. ಸ್ಕ್ಯೂಗಳಲ್ಲಿ ದೊಡ್ಡದನ್ನ ಇಟ್ಕೊಳ್ಳಿ, ಅದರ ಚೂಪು ಮೂಲೆಗಳನ್ನ, ಅಂಚಲ್ಲ, ಟೂಲ್ ರೆಸ್ಟ್ (ಲೇತ್‌ನಲ್ಲಿ ಉಳಿ ಊರೋ ಆಸರೆ) ಮೇಲೆ ಜಾರೋ ಉದ್ದದ ಮೂಲೆಗಳನ್ನ, ಕಲ್ಲಲ್ಲಿ ಸ್ವಲ್ಪ ನಯ ಮಾಡ್ಕೊಳ್ಳಿ, ಇಲ್ಲಾಂದ್ರೆ ರೆಸ್ಟ್ ಮೇಲೆ ಗೀರು ಬಿದ್ದು ಆಮೇಲೆ ಯಾವ ಉಳಿನೂ ನೆಟ್ಟಗೆ ಜಾರಲ್ಲ. ಲಟ್ಟಣಿಗೆ, ಬುಗುರಿ, ಕುಂಕುಮದ ಭರಣಿ, ಪೆನ್ನು, ಇಷ್ಟಕ್ಕೆಲ್ಲಾ ಈ ನಾಲ್ಕೇ ಸಾಕು. ಅಂದ್ರೆ ಎಂಟು ಪೀಸಿಗೆ ದುಡ್ಡು ಕೊಟ್ಟು ನಾಲ್ಕು ಬಳಸ್ತೀರ. ಚನ್ನಪಟ್ಟಣದಲ್ಲಿ ಆಟಿಕೆ ಮಾಡೋ ಪರಿಚಯದ ಮೇಸ್ತ್ರಿಗೆ ಡಬ್ಬಿ ಫೋಟೋ ತೋರಿಸ್ದಾಗ "ಇಷ್ಟೊಂದ್ ಉಳಿ ಯಾಕ್ ಸಾರ್, ಅಂಗಡಿ ಇಡ್ತೀರಾ?" ಅಂದ್ರು. ಅವರ ಮುಂದೆ ಇರೋದೇ ಬೆರಳೆಣಿಕೆಯಷ್ಟು, ಅದೂ ಕಮ್ಮಾರರ ಹತ್ರ ಬಡಿಸಿದ್ದು.

ಹಂಗಾದ್ರೆ ನಾವೂ ಕಮ್ಮಾರರ ಹತ್ರನೇ ಮಾಡಿಸ್ಬಹುದಲ್ಲ ಅಂತ ಕೇಳ್ತೀರ. ಮಾಡಿಸ್ಬಹುದು, ಆದ್ರೆ ಒಂದು ವಿಷಯ ಗಮನದಲ್ಲಿರ್ಲಿ. ಚನ್ನಪಟ್ಟಣದಲ್ಲಿ ಹೆಚ್ಚಾಗಿ ಕಡೆಯೋದು ಆಲೆ ಮರ, ಬೆಳ್ಳಗೆ, ಮೆತ್ತಗೆ, ಎಳೆ ಒತ್ತಾಗಿರುತ್ತೆ, ಅದಕ್ಕೆ ಸಾದಾ ಉಕ್ಕಿನ ಉಳಿ ಚೆನ್ನಾಗಿ ಒಗ್ಗುತ್ತೆ, ಸಾಣೆ ಅವರಿಗೆ ಕೈ ವಶ. ನೀವು ಹಲಸು, ತೇಗ, ಹುಣಸೆ ಅಂತ ಹೊರಟ್ರೆ ಅದೇ ಉಳಿ ಅಷ್ಟು ಹೊತ್ತು ಬಾಳಿಕೆ ಬರಲ್ಲ. ಲಾರಿ ಪಟ್ಟಿ, ಅಂದ್ರೆ ಲೀಫ್ ಸ್ಪ್ರಿಂಗಿನ ಉಕ್ಕಲ್ಲಿ ಬಡಿಸಿದ್ರೆ ಗಟ್ಟಿ ಇರುತ್ತೆ, ಸುಲಭಕ್ಕೆ ಮುರಿಯಲ್ಲ. ಹಳೇ ಅರದಲ್ಲಿ ಮಾಡ್ಕೊಳ್ಳೋದು ಮಾತ್ರ ಹಂಗೇ ಬೇಡ, ಗುಜರೀಲಿ ಐವತ್ತು ರೂಪಾಯಿಗೆ ಸಿಗುತ್ತೆ ಅಂತ ಆಸೆ ಆಗುತ್ತೆ, ಆದ್ರೆ ಅರ ಗಾಜಿನಷ್ಟು ಪೆಡಸು, ಲೇತಲ್ಲಿ ಸಿಕ್ಕಿಕೊಂಡ್ರೆ ಎರಡು ತುಂಡಾಗಿ ಹಾರುತ್ತೆ. ಮಾಡ್ಲೇಬೇಕು ಅಂದ್ರೆ ಹಲ್ಲು ಪೂರ್ತಿ ಉಜ್ಜಿ ತೆಗೆದು ಓವನ್‌ನಲ್ಲಿ 200 ರಿಂದ 220 ಡಿಗ್ರೀಲಿ ಗಂಟೆಗಟ್ಟಲೆ ಇಟ್ಟು ಪೆಡಸು ಇಳಿಸಿ, ಅದೂ ಸಣ್ಣ ಸ್ಕ್ರೇಪರ್‌ಗೆ ಮಾತ್ರ.

ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ದಾರಿ. ಕಬ್ಬಿಣದ ಲೇತ್‌ನವರು ಬಳಸೋ ಚೌಕದ ಎಚ್‌ಎಸ್‌ಎಸ್ ಬಿಟ್ ಇರುತ್ತಲ್ಲ, ಮಿರಾಂಡಾ ಕಂಪನಿದು ಅಂದ್ರೆ ಯಾವ ಟೂಲ್ ಅಂಗಡಿಯವರಿಗೂ ಗೊತ್ತು, ನಮ್ಮ ದೇಶದ್ದೇ ಮಾಲು, ಕ್ವಾಲಿಟಿ ಒಳ್ಳೇದು. ಅರ್ಧ ಇಂಚು ದಪ್ಪದ ಉದ್ದನೆ ಬಿಟ್ ಒಂದು ತಗೊಂಡು ಎಂಎಸ್ (ಮೈಲ್ಡ್ ಸ್ಟೀಲ್, ಅಂದ್ರೆ ಮಾಮೂಲಿ ಕಬ್ಬಿಣ) ಚೌಕದ ಸರಳಿಗೆ ಸ್ಕ್ರೂ ಹಾಕಿ ಕೂರಿಸಿದ್ರೆ ಸ್ಕ್ರೇಪರೂ ಆಗುತ್ತೆ, ಪಾರ್ಟಿಂಗೂ ಆಗುತ್ತೆ, ಬೇಕಾದ ಹಾಗೆ ತಿದ್ಕೊಬಹುದು. ಸೆಟ್ ಜೊತೆ ಬಂದ ಸ್ಕ್ರೇಪರ್ ತೆಳ್ಳಗಿದೆ, ಬಟ್ಟಲಿನ ಒಳಗೆ ಇಟ್ರೆ ಕಿರ್ ಅಂತ ಕೂಗುತ್ತೆ, ಈ ಬಿಟ್ ಹಂಗೆ ಕೂಗಲ್ಲ.

ಇನ್ನು ಆ "ಬೌಲ್ ಗೌಜ್". ನಿಜವಾದ ಬೌಲ್ ಗೌಜ್ ಅಂದ್ರೆ ದುಂಡು ಸರಳಿನಲ್ಲಿ ಆಳವಾಗಿ ಕೊರೆದ ಗಾಡಿ, ಅಂದ್ರೆ ಉದ್ದಕ್ಕೆ ತೋಡಿದ ಕಾಲುವೆ, ಇರ್ಬೇಕು, ಉಳಿ ಉದ್ದ ಇರ್ಬೇಕು, ಯಾಕಂದ್ರೆ ಬಟ್ಟಲು ಕಡೆಯುವಾಗ ತುದಿ ರೆಸ್ಟ್‌ನಿಂದ ಆಚೆ ಚಾಚ್ಕೊಂಡಿರುತ್ತೆ. ಡಬ್ಬಿಯೊಳಗಿನದ್ದು ಗಾಡಿ ಆಳ ಇಲ್ಲ, ಉದ್ದಾನೂ ಇಲ್ಲ, ಸ್ಪಿಂಡಲ್ ಗೌಜ್‌ಗೇ ಬೇರೆ ಚೀಟಿ ಅಂಟಿಸಿದ ಹಾಗಿದೆ. ಇದಕ್ಕಿಂತಲೂ ಅಪಾಯದ ಕೆಲಸ ಅಂದ್ರೆ, ಬೌಲ್ ಗೌಜ್ ಸರಿ ಇಲ್ಲ ಅಂತ ಜನ ರಫಿಂಗ್ ಗೌಜ್‌ನ ಬಟ್ಟಲಿಗೆ ಇಡೋದು. ದಯವಿಟ್ಟು ಮಾಡ್ಬೇಡಿ. ರಫಿಂಗ್ ಗೌಜ್‌ನ ಹಿಡಿಯೊಳಗೆ ಹೋಗೋ ಬಾಲ ತೆಳ್ಳಗಿರುತ್ತೆ, ಬಟ್ಟಲಿನ ಅಡ್ಡ ಎಳೆಗೆ ಸಿಕ್ಕಿದ್ರೆ ಅಲ್ಲೇ ಮುರಿದು ಮುಖಕ್ಕೆ ಬರುತ್ತೆ. ಅದು ಉದ್ದ ಎಳೆಯ ಕೆಲಸಕ್ಕೆ ಮಾತ್ರ, ಕಾಲು, ಲಟ್ಟಣಿಗೆ, ಅಷ್ಟೇ. ಫೇಸ್ ಶೀಲ್ಡ್ ಅಂತೂ ಯಾವ ಕೆಲಸಕ್ಕಾದ್ರೂ ಹಾಕ್ಕೊಳ್ಳಿ, ಕೈಗೆ ಗ್ಲೌಸ್ ಬೇಡ, ತೋಳು ಮಡಚಿ.

ಬಟ್ಟಲು ಮಾಡೋ ಆಸೆ ಇರೋರು ಒಂದೇ ಒಂದು ಒಳ್ಳೇ ಬೌಲ್ ಗೌಜ್‌ಗೆ ದುಡ್ಡು ಎತ್ತಿಡಿ. ಇಂಗ್ಲೆಂಡಿನ ಶೆಫೀಲ್ಡ್‌ನ ರಾಬರ್ಟ್ ಸಾರ್ಬಿ, ಕ್ರೌನ್ ಇವೆಲ್ಲಾ ಹೆಸರು ಮಾಡಿರೋವು, ಆದ್ರೆ ಇಲ್ಲಿಗೆ ಬರೋ ಹೊತ್ತಿಗೆ ಒಂದೇ ಉಳಿ ನಮ್ಮ ಇಡೀ ಡಬ್ಬಿಯ ಬೆಲೆ ದಾಟುತ್ತೆ. ತರಿಸುವಾಗ ಅಳತೆ ನೋಡಿ: ಬೌಲ್ ಗೌಜ್‌ನ ಬ್ರಿಟಿಷ್‌ನವರು ಗಾಡಿಯ ಅಗಲದಲ್ಲಿ ಹೇಳ್ತಾರೆ, ಅಮೆರಿಕದವರು ಸರಳಿನ ದಪ್ಪದಲ್ಲಿ. ಬ್ರಿಟಿಷ್ 3/8 ಇಂಚು ಅಂದ್ರೆ ಅಮೆರಿಕದ ಅರ್ಧ ಇಂಚು. ಇದು ಗೊತ್ತಿಲ್ದೆ ಹೋಲಿಸಿದ್ರೆ ಸಣ್ಣದಕ್ಕೆ ದೊಡ್ಡದರ ದುಡ್ಡು ಕೊಡ್ತೀರ.

ಅಷ್ಟು ದುಡ್ಡಿಲ್ಲ, ಸಾಣೆ ಕಲಿಯೋ ತಾಳ್ಮೆನೂ ಇಲ್ಲ ಅಂದ್ರೆ ಕಾರ್ಬೈಡ್, ಅಂದ್ರೆ ತುಂಬಾ ಗಡಸು ವಸ್ತುವಿನ ತುದಿ ಇರೋ ಉಳಿ. ಸರಳಿನ ತುದೀಲಿ ಸಣ್ಣ ಬಿಲ್ಲೆ ಸ್ಕ್ರೂ ಹಾಕಿರುತ್ತೆ, ಚೌಕದ್ದಾದ್ರೆ ನಾಲ್ಕು ಅಂಚು, ಒಂದು ಮೊಂಡಾದ್ರೆ ತಿರುಗಿಸಿ ಕೂರ್ಸೋದು, ಸಾಣೆ ಗೋಜೇ ಇಲ್ಲ. ಸರಳನ್ನ ಪಕ್ಕದ ವೆಲ್ಡಿಂಗ್ ಅಂಗಡೀಲೇ ಮಾಡಿಸ್ಕೊಬಹುದು, ಬಿಲ್ಲೆ ಮಾತ್ರ ತರ್ಸಿ. ಕಬ್ಬಿಣದ ಲೇತ್‌ನ ಮಾಮೂಲಿ ಬಿಲ್ಲೆ ತರ್ಬೇಡಿ, ಅದರ ಅಂಚು ಬೇಕಂತಲೇ ಸ್ವಲ್ಪ ಮೊಂಡಾಗಿರುತ್ತೆ. ಅಲ್ಯೂಮಿನಿಯಂ ಕತ್ತರಿಸೋಕೆ ಬರೋ ಹೊಳೆಯೋ ಸಿಸಿಜಿಟಿ ಅನ್ನೋ ನಮೂನೆ ಬಿಲ್ಲೆ ಕೇಳಿ, ಅದು ಚೂಪು, ಮರಕ್ಕೂ ಆಗುತ್ತೆ. ಆದ್ರೆ ಒಂದು, ಕಾರ್ಬೈಡ್ ಮಾಡೋದು ಹೆಚ್ಚಾಗಿ ಕೆರೆಯೋ ಕೆಲಸ, ಸಿಲ್ವರ್ ಓಕ್‌ನಂಥ ಮೆತ್ತನೆ ಮರದಲ್ಲಿ ಎಳೆ ಕಿತ್ತು ಬರುತ್ತೆ, ಆಮೇಲೆ ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ ಸಾಕಾಗುತ್ತೆ, ಮನೆ ತುಂಬಾ ಧೂಳು. ಗಟ್ಟಿ ಮರದಲ್ಲಿ ಪರವಾಗಿಲ್ಲ.

ನಾನೇ ಇವತ್ತು ಹತ್ತು ಸಾವಿರ ಹಿಡ್ಕೊಂಡು ಹೊರಟ್ರೆ ಗ್ರೈಂಡರು, ಬಿಳಿ ಕಲ್ಲು, ಡ್ರೆಸ್ಸರ್‌ಗೆ ನಾಲ್ಕು ಸಾವಿರ, ಬಿಡಿಬಿಡಿಯಾಗಿ ಸಿಕ್ಕಿದ್ರೆ ರಫಿಂಗ್ ಗೌಜ್, ಅರ್ಧ ಇಂಚಿನ ಸ್ಪಿಂಡಲ್ ಗೌಜ್, ಸ್ಕ್ಯೂ, ಪಾರ್ಟಿಂಗ್ ಅಷ್ಟೇ ತಗೊಂಡು ಮಿಕ್ಕಿದ್ದನ್ನ ಫೇಸ್ ಶೀಲ್ಡ್‌ಗೆ, ಆಮೇಲೆ ಮುಂದಿನ ಬೌಲ್ ಗೌಜ್‌ಗೆ ಅಂತ ಇಡ್ತೀನಿ. ಬಿಡಿ ಉಳಿ ಸಿಗಲ್ಲ, ಸಿಕ್ಕಿದ್ರೂ ನಾಲ್ಕಕ್ಕೆ ಸೆಟ್‌ನಷ್ಟೇ ಬೆಲೆ ಹೇಳ್ತಾರೆ ಅಂದ್ರೆ ಆಗ ಡಬ್ಬಿನೇ ತಗೊಳ್ಳಿ, ಮಿಕ್ಕ ನಾಲ್ಕರಲ್ಲಿ ಸಾಣೆ ಹಿಡಿಯೋದು ಕಲಿಯಿರಿ, ಹಾಳಾದ್ರೂ ಹೊಟ್ಟೆ ಉರಿಯಲ್ಲ. ಡಬ್ಬಿ ಬಂದ ದಿನವೇ ಹಿಡಿಗಳನ್ನ ಎಳೆದು ನೋಡಿ, ನನ್ನದರಲ್ಲಿ ಎರಡು ಸಡಿಲ ಇದ್ವು, ಮಾರಿದವರು ಬದಲಾಯಿಸಿ ಕೊಡೋಕೆ ತಕರಾರು ತೆಗೆದ್ರು, ಎಪಾಕ್ಸಿ ಹಾಕಿ ಕೂರ್ಸಿದೆ, ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ನೋಡಿದ್ರೆ ಕಲ್ಲಿನ ಹಾಗಿದ್ವು. ಹಿಡಿ ಗಿಡ್ಡ ಅನ್ಸಿದ್ರೆ ಹೊಸದು ನೀವೇ ಕಡ್ಕೊಳ್ಳಿ, ಬಳೆಗೆ ಪ್ಲಂಬರ್ ಹತ್ರ ಒಂದಿಂಚು ತಾಮ್ರದ ಪೈಪ್ ತುಂಡು ಕೇಳಿದ್ರೆ ಸಾಕು.