ರಕಸ್: ಹಾಡು ಪುಕ್ಕಟೆ, ಬೀಗದ ಕೈ ಮಾತ್ರ ಅವರದ್ದು

ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆಂದೇ ಇದ್ದ ರಕಸ್ ಸಂಗೀತ ಸೇವೆ 2009ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಮುಚ್ಚಿದ ಅಂಗಡಿಗೆ ಈಗೇಕೆ ವಿಮರ್ಶೆ? ವಿದ್ಯಾರ್ಥಿಗಳು ಕದ್ದು ಹಾಡು ಹಂಚಿಕೊಳ್ಳುವುದರಿಂದ ಬರುವ ಮೊಕದ್ದಮೆಗೆ ಅಂಜಿದ ಕ್ಯಾಂಪಸ್‌ಗಳಿಗೆ ಮಾರಲೆಂದು ತಯಾರಿಸಿದ ಸರಕು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಮೊದಮೊದಲು ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡು ನಡೆಯುತ್ತಿದ್ದ ಸೇವೆ, 2007ರ ಜನವರಿಯಿಂದ ಜಾಹೀರಾತಿನ ಬಲದ ಮೇಲೆ ಎಲ್ಲ ವಿದ್ಯಾರ್ಥಿಗಳಿಗೂ ಪುಕ್ಕಟೆಯಾಯಿತು. ಕಾಲೇಜು ಕೊಡುವ 'ಡಾಟ್ ಇಡಿಯು' ವಿಳಾಸದ ಇ-ಮೇಲ್ ಕೊಟ್ಟು ಖಾತೆ ತೆರೆಯಬೇಕು, ರಕಸ್ ಪ್ಲೇಯರ್ ಹಾಕಿಕೊಳ್ಳಬೇಕು, ಹಾಡು ಇಳಿಸಿಕೊಳ್ಳಬೇಕು. ಸಿಗುತ್ತಿದ್ದುದು ಮೈಕ್ರೋಸಾಫ್ಟಿನ ಬೀಗ (ಲೈಸೆನ್ಸ್ ಇಲ್ಲದೆ ನುಡಿಯದಂತೆ ಮಾಡುವ ತಂತ್ರ) ಜಡಿದ ಡಬ್ಲ್ಯುಎಂಎ ಎಂಬ ಬಗೆಯ ಹಾಡಿನ ಫೈಲು. ಆಗಾಗ ಲಾಗಿನ್ ಆಗಿ ಲೈಸೆನ್ಸ್ ನವೀಕರಿಸದಿದ್ದರೆ ಹಾಡು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸಿಡಿಗೆ ಬರೆಯುವ ಹಾಗಿಲ್ಲ. ಕೈಲಿ ಹಿಡಿಯುವ ಪ್ಲೇಯರ್‌ಗೆ ದಾಟಿಸಬೇಕಾದರೆ ಬೇರೆ ಶುಲ್ಕ, ಅದೂ 'ಪ್ಲೇಸ್‌ಫಾರ್‌ಶ್ಯೂರ್' ('ಖಂಡಿತ ನುಡಿಯುತ್ತದೆ') ಎಂಬ ಮೈಕ್ರೋಸಾಫ್ಟ್ ಮುದ್ರೆ ಇದ್ದರೆ ಮಾತ್ರ. ಮ್ಯಾಕ್‌ ಇದ್ದವರನ್ನು ಕೇಳುವವರೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಐಪಾಡ್. ಹಾಸ್ಟೆಲಿನ ತುಂಬ ಅದೇ ಇದ್ದ ಕಾಲ. ಐಪಾಡ್ ಎಂಪಿ3 ಓದುತ್ತಿತ್ತು, ಆಪಲ್‌ನ ಬೀಗ ಹಾಕಿದ ಫೈಲನ್ನೂ ಓದುತ್ತಿತ್ತು, ಮೈಕ್ರೋಸಾಫ್ಟಿನ ಬೀಗವನ್ನಲ್ಲ. ಮೈಕ್ರೋಸಾಫ್ಟಿನದೇ ಪ್ಲೇಯರ್ ಜ್ಯೂನ್ ಕೂಡ 'ಪ್ಲೇಸ್‌ಫಾರ್‌ಶ್ಯೂರ್' ಹಾಡುಗಳನ್ನು ನುಡಿಸುತ್ತಿರಲಿಲ್ಲ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಬೆಲೆ ಸೊನ್ನೆಯಾದರೂ, ಬಳಕೆದಾರರು ಒಬ್ಬರಿಂದೊಬ್ಬರು ಹಾಡು ಇಳಿಸಿಕೊಳ್ಳುವ ತಂತ್ರಾಂಶ ಲೈಮ್‌ವೈರ್‌ ಎದುರು ರಕಸ್ ನಿಲ್ಲದೆ ಹೋದದ್ದು ಇದಕ್ಕೇ. ಅಲ್ಲಿ ಸಿಗುತ್ತಿದ್ದುದು ಎಲ್ಲಿ ಬೇಕಾದರೂ ನುಡಿಯುವ ಬರಿಯ ಎಂಪಿ3.

ಆದರೆ ಆ ಎಂಪಿ3ಗೆ ಬಾಲ ಇತ್ತು. ಇಂಥ ತಂತ್ರಾಂಶಗಳು ಇಳಿಸಿಕೊಂಡ ಹಾಡುಗಳ ಫೋಲ್ಡರನ್ನು ತಾವಾಗಿಯೇ ಹಂಚಿಕೆಗೆ ತೆರೆದಿಡುತ್ತಿದ್ದವು, ಸಿಕ್ಕಿಬೀಳುತ್ತಿದ್ದುದೂ ಅಲ್ಲೇ. ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಪರವಾಗಿ ಹುಡುಕುವವರು ಅದೇ ಜಾಲಕ್ಕೆ ಇಳಿದು, ಹಾಡು ಹಂಚುತ್ತಿದ್ದ ಐಪಿ ವಿಳಾಸ (ನೆಟ್‌ನಲ್ಲಿ ಕಂಪ್ಯೂಟರಿನ ಗುರುತಿನ ಸಂಖ್ಯೆ) ಮತ್ತು ಸಮಯ ಬರೆದುಕೊಂಡು ಕಾಲೇಜಿಗೆ ಕಳಿಸುತ್ತಿದ್ದರು. ಆ ಹೊತ್ತಿನಲ್ಲಿ ಆ ವಿಳಾಸ ಯಾವ ಕೋಣೆಯ ಕಂಪ್ಯೂಟರಿಗೆ ಹೋಗಿತ್ತು ಎಂಬುದು ಕಾಲೇಜಿನ ಡಿಎಚ್‌ಸಿಪಿ ಲಾಗ್‌ನಲ್ಲಿ, ಅಂದರೆ ವಿಳಾಸ ಹಂಚಿದ ದಾಖಲೆಯಲ್ಲಿ, ಇರುತ್ತಿತ್ತು. ಸಾಮಾನ್ಯವಾಗಿ ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕರೆ ನೆಟ್ ಕಟ್. 2007ರ ಫೆಬ್ರವರಿಯಿಂದ ಆರ್‌ಐಎಎ ಕಾಲೇಜುಗಳ ಮೂಲಕ ರಾಜಿ ಪತ್ರ ಕಳಿಸತೊಡಗಿತು; ಹೆಚ್ಚಾಗಿ 3,000 ಡಾಲರ್ ಆಸುಪಾಸಿನಲ್ಲಿ ವ್ಯವಹಾರ ಮುಗಿಯುತ್ತಿತ್ತು. ಕೋರ್ಟಿಗೆ ಹೋದರೆ ಲೆಕ್ಕವೇ ಬೇರೆ: ಕಾಯ್ದೆ ಹೇಳುವ ಪರಿಹಾರ ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದು ಎಂದಾದರೆ 1,50,000ದವರೆಗೆ. ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜೋಯಲ್ ಟೆನೆನ್‌ಬಾಮ್‌ಗೆ 2009ರಲ್ಲಿ ಜ್ಯೂರಿ ವಿಧಿಸಿದ್ದು 30 ಹಾಡಿಗೆ 6,75,000 ಡಾಲರ್.

ರಕಸ್‌ ಒಪ್ಪಂದಕ್ಕೆ ಸಹಿ ಹಾಕಿದ ಆಡಳಿತಗಳ ಕಣ್ಣು ಈ ಅಂಕಿಗಳ ಮೇಲಿತ್ತು, ವಿದ್ಯಾರ್ಥಿಗಳ ಕಿವಿಯ ಮೇಲಲ್ಲ. ಅವರ ದೃಷ್ಟಿಯಿಂದ ಸರಕು ಕೆಟ್ಟದ್ದೇನಲ್ಲ. ಸರ್ವರನ್ನು ಕ್ಯಾಂಪಸ್ಸಿನೊಳಗೇ ಇಟ್ಟರೆ ಹಾಡುಗಳ ಓಡಾಟ ಒಳಜಾಲದಲ್ಲೇ ಮುಗಿದು, ಹೊರಗಿನ ಇಂಟರ್ನೆಟ್ ಕೊಂಡಿಯ ಮೇಲೆ ಹೊರೆ ಬೀಳುತ್ತಿರಲಿಲ್ಲ. 2008ರ ಉನ್ನತ ಶಿಕ್ಷಣ ಕಾಯ್ದೆಯಂತೂ ಕಾಲೇಜುಗಳು ಸಾಧ್ಯವಾದಷ್ಟು ಮಟ್ಟಿಗೆ ಕಾನೂನುಬದ್ಧ ಪರ್ಯಾಯಗಳನ್ನೂ ಒದಗಿಸಬೇಕು ಎಂದಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2003ರಲ್ಲೇ, ಹೆಸರು ಉಳಿಸಿಕೊಂಡು ಮಾಲೀಕರನ್ನು ಬದಲಿಸಿ ಕಾನೂನುಬದ್ಧ ಸೇವೆಯಾಗಿದ್ದ ನ್ಯಾಪ್‌ಸ್ಟರ್ ಜೊತೆ ಒಪ್ಪಂದ ಮಾಡಿಕೊಂಡಿತ್ತು; ಅಲ್ಲಿಯೂ ಹಾಡನ್ನು ಖಾಯಂ ಇಟ್ಟುಕೊಳ್ಳಲು ಒಂದೊಂದಕ್ಕೆ 99 ಸೆಂಟ್ ತೆರಬೇಕಿತ್ತು. ಆದರೂ ಅಲ್ಲಿ ಕೊಳ್ಳುವ ದಾರಿಯಾದರೂ ಇತ್ತು ಎಂಬ ಕಾರಣಕ್ಕೆ ನಮ್ಮ ಅಂಕ ಅದಕ್ಕೇ ಹೆಚ್ಚು.

ರಕಸ್ ಮುಚ್ಚಿದ ಮೇಲೆ ಲೈಸೆನ್ಸ್ ನವೀಕರಿಸಲು ಸರ್ವರೇ ಉಳಿಯಲಿಲ್ಲ. ನಿಯಮ ಪಾಲಿಸಿದವರ ಡಿಸ್ಕಿನಲ್ಲಿ ಗಿಗಾಬೈಟ್‌ಗಟ್ಟಲೆ ಫೈಲುಗಳು ಹಾಗೇ ಇದ್ದವು, ಅವಧಿ ತೀರುತ್ತಿದ್ದಂತೆ ಒಂದೂ ನುಡಿಯದಾಯಿತು. ಪಕ್ಕದ ಕೋಣೆಯ ಲೈಮ್‌ವೈರ್ ಹಾಡುಗಳಿಗೆ ಏನೂ ಆಗಲಿಲ್ಲ.