ಇಮೇಲನ್ನು ಕಾಯುವಂತೆ ಮಾಡುವ ಮೂರು ಬಗೆ: ಬಳಸಿ ನೋಡಿದ ಹೋಲಿಕೆ

ನಮ್ಮ ಸಣ್ಣ ಕಚೇರಿಯ ಮೇಲ್ ಸರ್ವರ್‌ನಲ್ಲಿ ಮೇಲ್ ಪಡೆದು ಕಳಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ಇದೆ. ಸ್ಪ್ಯಾಮನ್ನು ಬಾಗಿಲಲ್ಲೇ ತಡೆಯಲು ಅದರ ಜೊತೆಗೆ ಪೋಸ್ಟ್‌ಗ್ರೇ, ಪೋಸ್ಟ್‌ಸ್ಕ್ರೀನ್ ಮತ್ತು ಆರ್‌ಸ್ಪ್ಯಾಮ್‌ಡಿಯ ಗ್ರೇಲಿಸ್ಟಿಂಗ್ (ಮೇಲನ್ನು ತಾತ್ಕಾಲಿಕವಾಗಿ ನಿರಾಕರಿಸಿ ಮತ್ತೆ ಬರಲು ಹೇಳುವ ವಿಧಾನ) ಇವುಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಮೂರೂ ಕಾಯಿಸುತ್ತವೆ, ಯಾರನ್ನು ಕಾಯಿಸುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ.

2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಗ್ರೇಲಿಸ್ಟಿಂಗ್ ವಿಧಾನವನ್ನು ಪೋಸ್ಟ್‌ಗ್ರೇ ಹೆಚ್ಚುಕಡಿಮೆ ಹಾಗೆಯೇ ಪಾಲಿಸುತ್ತದೆ. ಕಳಿಸುವ ಸರ್ವರ್‌ನ ಐಪಿ (ಜಾಲದಲ್ಲಿ ಅದರ ಅಂಕಿಯ ವಿಳಾಸ), ಕಳಿಸಿದವರ ಮೇಲ್ ವಿಳಾಸ, ಪಡೆಯುವವರ ವಿಳಾಸ ಈ ಮೂರರ ಜೋಡಣೆ ಹೊಸದಾಗಿದ್ದರೆ, ‘ಈಗ ಆಗದು, ಆಮೇಲೆ ಬಾ’ ಎಂಬರ್ಥದ ತಾತ್ಕಾಲಿಕ ನಿರಾಕರಣೆ ಕೊಟ್ಟು 300 ಸೆಕೆಂಡು ಕಳೆಯುವ ತನಕ ಒಳಗೆ ಬಿಡುವುದಿಲ್ಲ. ನಿಯಮ ಪಾಲಿಸುವ ಸರ್ವರ್ ಮರಳಿ ಬರುತ್ತದೆ, ತಾನಾಗಿ ಸ್ಪ್ಯಾಮ್ ಕಳಿಸುವ ಅವಸರದ ಬಾಟ್‌ ಪ್ರೋಗ್ರಾಂಗಳು ಬಹಳಷ್ಟು ಬಾರಿ ಬರುವುದಿಲ್ಲ. ಮೇಲ್‌ನ ಒಡಲು ತಲುಪುವ ಮೊದಲೇ ವಾಪಸು ಕಳಿಸುವುದರಿಂದ ಹೊರೆಯೂ ಕಡಿಮೆ. ಆದರೆ ಆ 300 ಸೆಕೆಂಡು ಕನಿಷ್ಠ ಅವಧಿ ಮಾತ್ರ. ಮತ್ತೆ ಯಾವಾಗ ಬರಬೇಕೆಂಬುದು ಕಳಿಸುವ ಸರ್ವರ್‌ನ ಇಷ್ಟ, ಮೇಲ್ ರವಾನೆಯ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 5321 ಕೂಡ ಮರುಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಇರಲಿ ಎನ್ನುತ್ತದೆ. ನಮ್ಮ ಅಕೌಂಟ್ಸ್ ಮೇಡಂ ಹತ್ತು ನಿಮಿಷದ ಒಟಿಪಿಗಾಗಿ ಕಾದು, ಬಾರದೆ ಇನ್ನೊಂದನ್ನು ಕೇಳಿ, ಕೊನೆಗೆ ಎರಡೂ ಅವಧಿ ಮುಗಿದ ಮೇಲೆ ಒಟ್ಟಿಗೆ ಬಂದಿಳಿದಾಗ, ‘ನಿಮ್ಮ ಸರ್ವರ್‌ಗೆ ನಮ್ಮ ಮೇಲೇ ಅನುಮಾನವೇನ್ರೀ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಪೋಸ್ಟ್‌ಸ್ಕ್ರೀನ್‌ನ ಕಾಯಿಸುವಿಕೆ ಕೇವಲ 6 ಸೆಕೆಂಡಿನದು. ಸಂಪರ್ಕಿಸಿದ ಸರ್ವರ್‌ಗೆ ಹೇಳಬೇಕಾದ ಸ್ವಾಗತದ ಸಾಲನ್ನು ಅರ್ಧ ಹೇಳಿ ಸುಮ್ಮನಾಗುತ್ತದೆ. ಅದು ಮುಗಿಯುವ ಮೊದಲೇ ಮಾತು ಶುರು ಮಾಡಿದ ಬಾಟ್ ಸಿಕ್ಕಿಬೀಳುತ್ತದೆ. ಸಂರಚನೆಯಲ್ಲಿ ‘ಎನ್‌ಫೋರ್ಸ್’ ಎಂದು ಬರೆಯದಿದ್ದರೆ ಹಿಡಿದದ್ದನ್ನು ಲಾಗ್ ಎಂಬ ದಾಖಲೆಗೆ ಬರೆದು ಒಳಗೆ ಬಿಟ್ಟುಬಿಡುತ್ತದೆ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ತಾಳ್ಮೆಯುಳ್ಳ ಸ್ಪ್ಯಾಮರ್‌ನ ಎದುರು ಈ ಪರೀಕ್ಷೆಗೆ ಬಲವಿಲ್ಲ.

ಆರ್‌ಸ್ಪ್ಯಾಮ್‌ಡಿ ಮೊದಲು ಇಡೀ ಮೇಲನ್ನು ಓದಿ ಅಂಕ ಹಾಕುತ್ತದೆ, ಅಂಕ ಹೆಚ್ಚಿದಷ್ಟೂ ಸ್ಪ್ಯಾಮ್ ಎಂಬ ಅನುಮಾನ ಹೆಚ್ಚು. ಮೂಲ ಸಂರಚನೆಯಲ್ಲಿ ಅಂಕ 4ಕ್ಕೆ ಮುಟ್ಟಿದ ಮೇಲ್‌ಗೆ ಮಾತ್ರ ಐದು ನಿಮಿಷದ ತಡೆ. 6ಕ್ಕೆ ಸ್ಪ್ಯಾಮ್ ಗುರುತು, 15ಕ್ಕೆ ನೇರ ನಿರಾಕರಣೆ. ಒಂದೇ ಮೇಲನ್ನು ಎರಡು ಬಾರಿ ಪಡೆಯಬೇಕಾದ ಖರ್ಚು, ರೆಡಿಸ್ ಎಂಬ ಡೇಟಾಬೇಸ್ ಓಡಿಸಬೇಕಾದ ಕೆಲಸ ಎರಡೂ ಇವೆ. ಆದರೂ ತಡದ ನಿಜವಾದ ಲಾಭವನ್ನು ನಾನು ಕಂಡದ್ದು ಇಲ್ಲಿಯೇ. ಒಂದು ನಕಲಿ ಇನ್‌ವಾಯ್ಸ್ ಮೊದಲ ಸಲ 4ರ ಗಡಿಯನ್ನಷ್ಟೇ ದಾಟಿತ್ತು. ಅದು ಮರಳಿ ಬರುವ ಹೊತ್ತಿಗೆ ಕಳಿಸಿದ ಐಪಿ ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವವರ ಪಟ್ಟಿ) ಸೇರಿದ್ದರಿಂದ ಅಂಕ 6ನ್ನು ಮೀರಿ, ಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಯಿತು. ಪೋಸ್ಟ್‌ಗ್ರೇ ಒಂದೇ ಇದ್ದಿದ್ದರೆ, ಮರಳಿ ಬಂದ ಮಾತ್ರಕ್ಕೆ ಅದಕ್ಕೆ ಇನ್‌ಬಾಕ್ಸ್ ಸಿಗುತ್ತಿತ್ತು.

ಈಗ ಪೋಸ್ಟ್‌ಗ್ರೇ ತೆಗೆದು, ಮುಂದೆ ಪೋಸ್ಟ್‌ಸ್ಕ್ರೀನ್, ಹಿಂದೆ ಆರ್‌ಸ್ಪ್ಯಾಮ್‌ಡಿ ಇಟ್ಟಿದ್ದೇನೆ. ಬ್ಲಾಕ್‌ಲಿಸ್ಟ್‌ಗಳಿಗೆ ಇನ್ನಷ್ಟು ಸಮಯ ಸಿಗಲೆಂದು ಆರ್‌ಸ್ಪ್ಯಾಮ್‌ಡಿಯ ತಡೆಯ ಅವಧಿಯನ್ನು 15 ನಿಮಿಷಕ್ಕೆ ಏರಿಸಿದ್ದೇನೆ. ಅನುಮಾನದ ಮೇಲ್‌ಗಳಷ್ಟೇ ಕಾಯುವುದರಿಂದ ಮೇಡಂ ಸಹಿತ ಯಾರೂ ಇದನ್ನು ಗಮನಿಸಿಲ್ಲ.